ಎಷ್ಟು ಕೆಜಿ ಅಂತ ಕೇಳುವ ಮೊದಲು: ಮನೆಗೆ ಮೊದಲ ಡಂಬೆಲ್ ಕೊಳ್ಳುವ ಕ್ರಮ

"ಟೀಚರ್, ಮನೆಗೆ ಡಂಬೆಲ್ ತಗೊಳ್ಬೇಕಿತ್ತು. ಎಷ್ಟು ಕೆಜಿದು ತಗೊಳ್ಳುದು?" ಉಡುಪಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿರುವ ನನಗೆ ಮಕ್ಕಳ ಅಪ್ಪ ಅಮ್ಮಂದಿರಿಂದ, ಅಂಬಲಪಾಡಿಯ ನಮ್ಮ ಅಕ್ಕಪಕ್ಕದವರಿಂದ ಯಾವಾಗಲೂ ಬರುವ ಪ್ರಶ್ನೆ ಇದು. ಒಂದು ಅಂಕಿ ಹೇಳಿಬಿಟ್ಟರೆ ಅವರಿಗೆ ಸಮಾಧಾನ. ನಾನು ಹೇಳುವುದಿಲ್ಲ, ಯಾಕೆಂದರೆ ಒಂದೇ ಅಂಕಿಯ ಉತ್ತರ ಇದಕ್ಕೆ ಇಲ್ಲ. ಭುಜಕ್ಕೆ ಸಾಕೆನಿಸುವ ಭಾರ ತೊಡೆಗೆ ಏನೇನೂ ಸಾಲದು. ಇವತ್ತು ಸಾಕೆನಿಸಿದ್ದು ಎರಡು ತಿಂಗಳಲ್ಲಿ ಹಗುರವಾಗುತ್ತದೆ. ಕೊಳ್ಳುವಾಗ ನಾನು ಮೊದಲು ನೋಡುವುದು ಆ ಸೆಟ್ಟಿನಲ್ಲಿ ಭಾರವನ್ನು ಎಷ್ಟು ಸಣ್ಣ ಸಣ್ಣ ಮೆಟ್ಟಿಲಾಗಿ ಏರಿಸಬಹುದು ಅನ್ನುವುದನ್ನು. ಆಮೇಲೆ ನೋಡುವುದು ನಮ್ಮ ಕರಾವಳಿಯ ಮಳೆಗೂ ಉಪ್ಪುಗಾಳಿಗೂ ಅದು ಬಾಳುತ್ತದಾ ಅಂತ.

ಅಂಗಡಿಗೆ ಹೋಗುವ ಮುಂಚೆ ಎರಡು ವಾರ ಮನೆಯಲ್ಲಿ ಇರುವುದನ್ನೇ ಎತ್ತಿ ನೋಡಿ. ಒಂದು ಲೀಟರಿನ ನೀರಿನ ಬಾಟಲಿ ಒಂದು ಕೆಜಿ, ಎರಡು ಲೀಟರಿನದು ಎರಡು. ಐದು ಲೀಟರಿನ ಅಡುಗೆಎಣ್ಣೆ ಕ್ಯಾನಿಗೆ ಒಳ್ಳೆಯ ಹಿಡಿ ಇರುತ್ತದೆ. ಖಾಲಿಯಾದ ಮೇಲೆ ತೊಳೆದು ನೀರು ತುಂಬಿಸಿದರೆ ಐದು ಕೆಜಿ, ಅರ್ಧ ತುಂಬಿಸಿದರೆ ಎರಡೂವರೆ. ಹತ್ತು ಕೆಜಿಯ ಕುಚ್ಚಲಕ್ಕಿ ಚೀಲ ಯಾರ ಮನೆಯಲ್ಲಿ ಇಲ್ಲ? ಅದನ್ನು ಎದೆಗೆ ಅವಚಿ ಹಿಡಿದು ಕುರ್ಚಿಯಿಂದ ಎದ್ದು ಮತ್ತೆ ನಿಧಾನ ಕೂರಿ. ಒಂದು ಕೈ ಬೆಂಚಿಗೆ ಊರಿ, ಬೆನ್ನು ನೇರ ಇಟ್ಟು, ಇನ್ನೊಂದು ಕೈಯಲ್ಲಿ ಎಣ್ಣೆ ಕ್ಯಾನನ್ನು ಸೊಂಟದ ಕಡೆಗೆ ಎಳೆಯಿರಿ. ಎರಡು ಲೀಟರಿನ ಬಾಟಲಿಗಳನ್ನು ಭುಜದಿಂದ ತಲೆಯ ಮೇಲಕ್ಕೆ ಎತ್ತಿ. ಒಂದು ಲೀಟರಿನವನ್ನು ಎರಡೂ ಪಕ್ಕಕ್ಕೆ, ಭುಜದ ಮಟ್ಟದವರೆಗೆ ಎತ್ತಿ ಇಳಿಸಿ.

ಪ್ರತಿಯೊಂದನ್ನೂ ಹತ್ತು ಸಲ ಮಾಡಿ. ಹತ್ತಾದ ಮೇಲೆ ಮಾತಾಡುತ್ತಲೇ ಇನ್ನೂ ಹತ್ತು ಮಾಡಬಹುದಾದರೆ ಆ ಭಾರ ಕಡಿಮೆ. ಆರನೆಯದಕ್ಕೇ ಭುಜ ಕಿವಿಯ ಹತ್ತಿರ ಬಂದರೆ ಅಥವಾ ಸೊಂಟ ಹಿಂದಕ್ಕೆ ಬಾಗಿದರೆ ಅದು ಹೆಚ್ಚಾಯಿತು. ಎಂಟರಿಂದ ಹನ್ನೆರಡರ ಒಳಗೆ ಕೊನೆಯ ಎರಡು ನಿಧಾನವಾಗಬೇಕು, ಆದರೆ ಮೈಯ ನಿಲುವು ಕೆಡಬಾರದು. ಅದು ನಿಮ್ಮ ಈಗಿನ ಭಾರ. ಒಂದು ಪುಸ್ತಕದಲ್ಲಿ ಬರೆದಿಡಿ: ಎದ್ದು ಕೂರುವುದಕ್ಕೆ ಇಷ್ಟು, ಎಳೆಯುವುದಕ್ಕೆ ಇಷ್ಟು, ತಲೆಯ ಮೇಲಕ್ಕೆ ಇಷ್ಟು, ಪಕ್ಕಕ್ಕೆ ಇಷ್ಟು. ನಾಲ್ಕೂ ಬೇರೆ ಬೇರೆ ಅಂಕಿ ಬರುತ್ತವೆ. ಆ ಕಾಗದ ಹಿಡಿದುಕೊಂಡು ಅಂಗಡಿಗೆ ಹೋದರೆ ಯಾರೂ ನಿಮಗೆ ಬೇಡದ್ದನ್ನು ಕಟ್ಟಿ ಕಳುಹಿಸಲಾರರು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ; ಉಸಿರು ಕಟ್ಟಿ ಎತ್ತಿದರೆ ಬಿಪಿ ಒಮ್ಮೆಲೇ ಏರುತ್ತದೆ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು. ಇದರಲ್ಲಿ ಉದಾಸೀನ ಬೇಡ.

ಈಗ ಮೆಟ್ಟಿಲಿನ ಲೆಕ್ಕ. ಅಂಗಡಿಯಲ್ಲಿ ಸಿದ್ಧ ಡಂಬೆಲ್ ಜೋಡಿಗಳು ಸಾಮಾನ್ಯವಾಗಿ 2.5, 5, 7.5, 10 ಕೆಜಿ ಹೀಗೆ ಸಾಲಾಗಿ ಇರುತ್ತವೆ. ನೋಡಲಿಕ್ಕೆ ಎಲ್ಲ ಎರಡೂವರೆ ಕೆಜಿಯ ಸಮ ಮೆಟ್ಟಿಲು. ಮೈಗೆ ಹಾಗೆ ಅನಿಸುವುದಿಲ್ಲ. 20ರಿಂದ 22.5ಕ್ಕೆ ಹೋಗುವವನಿಗೆ ಭಾರ ಎಂಟನೇ ಒಂದು ಪಾಲು ಹೆಚ್ಚಾಯಿತು, ಅಷ್ಟೆ. 5ರಿಂದ 7.5ಕ್ಕೆ ಹೋದರೆ ಒಂದೂವರೆ ಪಟ್ಟು. 2.5ರಿಂದ 5ಕ್ಕೆ ಹೋದರೆ ಸೀದಾ ದುಪ್ಪಟ್ಟು. ಹೊಸಬರ ಪಾಲಿಗೇ ಅತಿ ಎತ್ತರದ ಮೆಟ್ಟಿಲು ಬರುತ್ತದೆ. 2.5 ಕೆಜಿಯನ್ನು ಪಕ್ಕಕ್ಕೆ ಹದಿನೈದು ಸಲ ಸಲೀಸಾಗಿ ಎತ್ತುವ ಹೆಂಗಸು 5 ಕೆಜಿ ಹಿಡಿದರೆ ಮೂರು ಸಲವೂ ಸರಿಯಾಗಿ ಎತ್ತಲಾರಳು. ಕುತ್ತಿಗೆ ಬಿಗಿಯುತ್ತದೆ, ಮೈಯನ್ನು ಜೋಲಿ ಹೊಡೆಸಿ ಎತ್ತುತ್ತಾಳೆ, ಮರುದಿನ ನೋವು. "ನನ್ನಿಂದ ಆಗುದಿಲ್ಲ ಟೀಚರ್" ಅಂತ ಬಿಟ್ಟೇಬಿಡುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಮೂರೂವರೆ ಕೆಜಿ, ಅದು ಅಂಗಡಿಯ ಸಾಲಿನಲ್ಲಿ ಇರಲಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಒಬ್ಬರು ವ್ಯಾಯಾಮ ಬಿಡುವುದನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ದೇಹತೂಕದ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲಕ್ಕೆ ಎತ್ತುವುದು) 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ) 138, ಒಟ್ಟು 249 ಕೆಜಿ ಎತ್ತಿದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ 269 ಎತ್ತಿ ಕಂಚು ತಂದರು. ಆ ಮಟ್ಟದ ಸ್ಪರ್ಧೆಯಲ್ಲೂ ಬಾರಿನ ಭಾರವನ್ನು ಒಂದೊಂದೇ ಕೆಜಿಯಾಗಿ ಏರಿಸಲು ನಿಯಮದಲ್ಲಿ ಅವಕಾಶ ಉಂಟು. 138 ಎತ್ತುವವರಿಗೇ ಒಂದು ಕೆಜಿಯ ಮೆಟ್ಟಿಲು ಬೇಕಾಗುತ್ತದೆ ಅಂದಮೇಲೆ, ಈಗಷ್ಟೇ ಶುರುಮಾಡಿದವರನ್ನು ಎರಡೂವರೆ ಕೆಜಿ ಒಟ್ಟಿಗೆ ಹಾರು ಅನ್ನುವುದು ನ್ಯಾಯವಲ್ಲ.

ಹಾಗಾಗಿ ಮೊದಲ ಖರೀದಿಗೆ ನಾನು ಹೇಳುವುದು ಪ್ಲೇಟ್ ಹಾಕಿ ತೆಗೆಯುವ ರಾಡ್ ಡಂಬೆಲ್. 14 ಇಂಚಿನ ಎರಡು ರಾಡ್, 2.5 ಕೆಜಿಯ ನಾಲ್ಕು ಪ್ಲೇಟ್, 1.25ರ ನಾಲ್ಕು, ಅರ್ಧ ಕೆಜಿಯ ನಾಲ್ಕು. ನಟ್ ಸೇರಿ ರಾಡ್ ಒಂದೂವರೆ ಕೆಜಿ ಅಂತ ಇಟ್ಟುಕೊಳ್ಳಿ. ಆಗ ಒಂದೊಂದು ಕೈಗೆ 1.5, 2.5, 4, 5, 6.5, 7.5, 9, 10 ಕೆಜಿ, ಹೀಗೆ ಎಂಟು ಮೆಟ್ಟಿಲು ಸಿಗುತ್ತದೆ. ಎಲ್ಲ ಪ್ಲೇಟುಗಳನ್ನೂ ಒಂದೇ ರಾಡಿಗೆ ಹಾಕಿದರೆ ಹದಿನೆಂಟೂವರೆ ಕೆಜಿ. ಎರಡೂ ಕೈಯಲ್ಲಿ ಎದೆಗೆ ಹಿಡಿದು ಕೂತೇಳುವುದಕ್ಕೆ, ನೆಲದಿಂದ ಎತ್ತುವುದಕ್ಕೆ ಹೊಸಬರಿಗೆ ಧಾರಾಳ ಸಾಕು. ಎರಕದ ಕಬ್ಬಿಣದ ಪ್ಲೇಟ್ ತೆಳ್ಳಗಿರುತ್ತದೆ, ಆದರೂ ಅಷ್ಟೂ ಒಂದು ರಾಡಿನಲ್ಲಿ ಹಿಡಿಯುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ, ನಟ್ ಪೂರ್ತಿ ಕೂರಬೇಕು. ಇಡೀ ಸೆಟ್ ಒಟ್ಟು 20 ಕೆಜಿ. ಇಲ್ಲೊಂದು ಮಾತು: ಜಾಹೀರಾತಿನಲ್ಲಿ "20 ಕೆಜಿ ಸೆಟ್" ಅಂತ ಇದ್ದರೆ ಅದು ಎರಡೂ ಕೈಯದು ಸೇರಿ. ಕೈಗೆ ಇಪ್ಪತ್ತು ಅಂದುಕೊಂಡು ಹಣ ಕೊಡಬೇಡಿ. ರಾಡಿನ ತೂಕ ಅದರಲ್ಲಿ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ.

ಅರ್ಧ ಕೆಜಿ ಪ್ಲೇಟ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ತರಿಸಿಕೊಡಿ ಅಂದರೆ ತರಿಸುತ್ತಾರೆ. ಆಗಲಿಲ್ಲವಾದರೆ ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲೋ ಬೈಕಂಪಾಡಿಯಲ್ಲೋ ನಿಮ್ಮ ಊರಿನ ಲೇತ್ ವರ್ಕ್‌ಶಾಪಿನಲ್ಲೋ ಮಾಡಿಸಬಹುದು. 10 ಮಿಲಿಮೀಟರ್ ದಪ್ಪದ ಉಕ್ಕಿನ ಶೀಟಿನಲ್ಲಿ ಒಂಬತ್ತೂವರೆ ಸೆಂಟಿಮೀಟರ್ ಅಗಲದ ದುಂಡು ಬಿಲ್ಲೆ, ನಡುವೆ 28 ಮಿಲಿಮೀಟರ್ ತೂತು: ತೂಕ ಅರ್ಧ ಕೆಜಿಗೆ ಏಳೆಂಟು ಗ್ರಾಮ್ ಹೆಚ್ಚು ಬರುತ್ತದೆ. ತೂತಿನ ಅಳತೆಗೆ ನಿಮ್ಮ ರಾಡನ್ನೇ ತೆಗೆದುಕೊಂಡು ಹೋಗಿ. ಅಂಚನ್ನು ಚೆನ್ನಾಗಿ ಉಜ್ಜಿಸಿ, ಕೈ ಕೊಯ್ಯಬಾರದು.

ಹೆಂಗಸರಿಗೆ ಅಂತ ಗುಲಾಬಿ ಬಣ್ಣದ ಒಂದು ಕೆಜಿ ಜೋಡಿ ಕೊಡುತ್ತಾರಲ್ಲ, ಅದರ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಮನೆಗೆ ಬಂದ ತುಂಬಿದ ಗ್ಯಾಸ್ ಸಿಲಿಂಡರ್ ಮೂವತ್ತು ಕೆಜಿಯ ಹತ್ತಿರ ತೂಗುತ್ತದೆ. ಅದನ್ನು ಬಾಗಿಲಿಂದ ಅಡುಗೆಮನೆಗೆ ಜರುಗಿಸುವುದು, ಬಾವಿಯಿಂದ ಕೊಡಪಾನ ಸೇದುವುದು, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಸ್ಸು ಹತ್ತುವುದು, ಇವೆಲ್ಲ ಮಾಡುವ ಮೈಗೆ ಒಂದು ಕೆಜಿ ಸಾಕು ಅಂತ ಯಾರು ತೀರ್ಮಾನ ಮಾಡಿದ್ದು? ಭುಜದ ಕೆಲವು ವ್ಯಾಯಾಮಕ್ಕೆ ಒಂದು ಕೆಜಿ ಸರಿ. ಅದೊಂದನ್ನೇ ಕೊಂಡರೆ ತಿಂಗಳೊಳಗೆ ಅದು ಬಾಗಿಲಿಗೆ ಅಡ್ಡ ಇಡುವ ವಸ್ತುವಾಗುತ್ತದೆ. ಮುಟ್ಟು ನಿಂತ ಮೇಲೆ ಎಲುಬು ಸವೆಯುವುದನ್ನು ನಿಧಾನ ಮಾಡಲಿಕ್ಕೆ ಸಾಕಷ್ಟು ಭಾರದ ವ್ಯಾಯಾಮ ಬೇಕು. ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದ್ದು ಅರುವತ್ತೈದು ದಾಟಿದವರಿಗೂ ಸೇರಿಸಿಯೇ.

ನಮ್ಮ ಅತ್ತೆ ಈಗ ಎಪ್ಪತ್ತರ ಹತ್ತಿರ. ಬೆಳಿಗ್ಗೆ ಗಂಜಿ ಊಟಕ್ಕೆ ಮುಂಚೆ ಜಗಲಿಯ ಮರದ ಕುರ್ಚಿಯ ತುದಿಯಲ್ಲಿ ಕೂತು, ರಾಡಿನ ಒಂದು ತುದಿಯ ಪ್ಲೇಟನ್ನು ಎರಡೂ ಅಂಗೈಯಲ್ಲಿ ಎದೆಗೆ ಹಿಡಿದು ಎದ್ದು ಕೂರುತ್ತಾರೆ. ಶುರುವಿಗೆ ಬರೀ ರಾಡ್ ಇತ್ತು, ಈಗ ಆರೂವರೆ ಕೆಜಿ. ಏಳುವಾಗ ಹಿಮ್ಮಡಿ ನೆಲ ಬಿಡುತ್ತದಾ, ಮಂಡಿ ಒಳಗೆ ಮಡಚುತ್ತದಾ ಅಂತ ನಾನು ಎದುರು ಕೂತು ನೋಡುತ್ತೇನೆ. ಮಂಡಿ ಒಳಗೆ ಬಂದರೆ ಆ ದಿನ ಭಾರವನ್ನು ಒಂದು ಮೆಟ್ಟಿಲು ಇಳಿಸುತ್ತೇವೆ. ಸಣ್ಣ ಪ್ಲೇಟ್ ಇದ್ದರೆ ಇಳಿಸುವುದೂ ಸುಲಭ ಅನ್ನುವುದು ಹೊಸಬರು ಮರೆಯುವ ಸಂಗತಿ. ಜ್ವರ ಬಂದು ಎದ್ದ ವಾರ, ನಿದ್ದೆಗೆಟ್ಟ ದಿನ ಒಂದು ಮೆಟ್ಟಿಲು ಕೆಳಗಿಳಿದು ಮಾಡಬಹುದು, ಬಿಟ್ಟುಬಿಡಬೇಕಾಗಿಲ್ಲ.

ಇನ್ನು ಅಂಗಡಿಯಲ್ಲಿ ನೋಡಬೇಕಾದ್ದು. ನಾನು ಹೋಗುವಾಗ ದುಬೈಗೆ ಹೊರಡುವವರು ಲಗೇಜ್ ತೂಗಲಿಕ್ಕೆ ಇಟ್ಟುಕೊಳ್ಳುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಚೀಲದಲ್ಲಿ ಇರುತ್ತದೆ. ನಮ್ಮೂರಲ್ಲಿ ಎರಡು ಮನೆಗೆ ಒಂದಾದರೂ ಇದ್ದೇ ಇರುತ್ತದೆ, ಕೇಳಿ ತನ್ನಿ. ಪ್ಲೇಟಿನ ತೂತಿಗೆ ಹಗ್ಗ ತೂರಿಸಿ ಕೊಕ್ಕೆಗೆ ಸಿಕ್ಕಿಸಿ ತೂಗಿ. 2.5 ಅಂತ ಅಚ್ಚಾದ ಪ್ಲೇಟ್ 2.3 ತೂಗಿದ್ದನ್ನು ನೋಡಿದ್ದೇನೆ. ಸ್ವಲ್ಪ ವ್ಯತ್ಯಾಸ ಇರಲಿ, ಆದರೆ ಒಂದೇ ರಾಡಿನ ಎರಡು ಬದಿಗೆ ಬರುವ ಪ್ಲೇಟುಗಳು ಸರಿಸಮ ಇರಬೇಕು. ಹತ್ತಿಪ್ಪತ್ತು ಪ್ಲೇಟ್ ರಾಶಿಯಲ್ಲಿ ತೂಗಿ ತೂಗಿ ಜೋಡಿ ಆರಿಸಿ, ಮನೆಗೆ ತಂದ ಮೇಲೆ ನಿಜವಾದ ತೂಕವನ್ನು ಬಿಳಿ ಪೇಂಟಿನಲ್ಲಿ ಬರೆಯಿರಿ. ದರವನ್ನು ಕಿಲೋ ಲೆಕ್ಕದಲ್ಲಿ ಹೇಳಿದರೆ ತಕ್ಕಡಿಯ ಕಿಲೋಗೆ ಹಣ ಕೊಡಿ. ಈ ಸಾಮಾನು ಹೆಚ್ಚಾಗಿ ಮೀರತ್, ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುವುದು; ಆನ್‌ಲೈನಲ್ಲಿ ತರಿಸಿದರೂ ಸಾಗಾಟದ ಖರ್ಚು ಎಲ್ಲೋ ಒಂದು ಕಡೆ ಸೇರಿಯೇ ಇರುತ್ತದೆ. ಮುಟ್ಟಿ ನೋಡಿ ಕೊಳ್ಳುವ ಅವಕಾಶ ಇರುವಾಗ ಫೋಟೋ ನೋಡಿ ಯಾಕೆ ಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ರಾಡಿನಲ್ಲಿ ಮುಖ್ಯ ನೋಡಬೇಕಾದ್ದು ಮರೆ, ಅಂದರೆ ನಟ್ ತಿರುಗುವ ಥ್ರೆಡ್. ನಕ್ಷತ್ರದ ಆಕಾರದ ನಟ್ಟನ್ನು ಹೆಬ್ಬೆರಳಿಂದ ತಳ್ಳಿದರೆ ತುದಿಯಿಂದ ಒಳತನಕ ತಡೆಯಿಲ್ಲದೆ ಓಡಬೇಕು. ನಡುವೆ ಕಚ್ಚಿದರೆ ಆ ರಾಡ್ ಬೇಡ. ನಟ್ಟಿನ ಒಳಮುಖಕ್ಕೆ ರಬ್ಬರ್ ಉಂಗುರ ಇರಬೇಕು. ಅದಿಲ್ಲದ ನಟ್ ಎತ್ತಿ ಇಳಿಸುವಾಗ ತಾನಾಗಿಯೇ ಸಡಿಲವಾಗುತ್ತದೆ, ತಲೆಯ ಮೇಲೆ ಎತ್ತಿದಾಗ ಪ್ಲೇಟ್ ಜಾರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಪ್ಲೇಟ್ ಹಾಕಿ ಬಿಗಿದು ಕಿವಿಯ ಹತ್ತಿರ ಅಲ್ಲಾಡಿಸಿ, ಟಕಟಕ ಸದ್ದು ಬರಬಾರದು. ಮನೆಯ ರಾಡ್‌ಗಳು ಸಾಮಾನ್ಯವಾಗಿ 25ರಿಂದ 28 ಮಿಲಿಮೀಟರ್ ದಪ್ಪ. ಸ್ಪರ್ಧೆಯ ದೊಡ್ಡ ಬಾರಿಗೆ ಹಾಕುವ ಒಲಿಂಪಿಕ್ ಪ್ಲೇಟಿನ ತೂತು 50 ಮಿಲಿಮೀಟರ್. ಎರಡೂ ಒಂದಕ್ಕೊಂದು ಆಗಿಬರುವುದಿಲ್ಲ. ಒಂದು ಅಳತೆ ಹಿಡಿದರೆ ಮುಂದೆಯೂ ಅದನ್ನೇ ಕೊಳ್ಳಿ. ಹಿಡಿಕೆಯ ಗರಗರ ಕೊರೆತವನ್ನು ಬರಿಗೈಯಲ್ಲಿ ಬಿಗಿಯಾಗಿ ಹಿಡಿದು ನೋಡಿ: ಚರ್ಮ ಕೆತ್ತುವಷ್ಟು ಚೂಪು ಬೇಡ, ಬೆವರಿಗೆ ಜಾರುವಷ್ಟು ನಯವೂ ಬೇಡ. ನಮ್ಮ ಸೆಕೆಗೆ ಹೇಗಿದ್ದರೂ ಅಂಗೈ ಒದ್ದೆಯಾಗುತ್ತದೆ, ಪಕ್ಕದಲ್ಲಿ ಒಂದು ಬೈರಾಸು ಇರಲೇಬೇಕು.

ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದ ಪ್ಲೇಟ್ ಅಗ್ಗ. ತುಕ್ಕು ಹಿಡಿಯುವುದಿಲ್ಲ, ಅದೊಂದು ನಿಜವಾದ ಗುಣ. ಆದರೆ ಎರಕದ ಕಬ್ಬಿಣ ಸಿಮೆಂಟಿಗಿಂತ ಸುಮಾರು ಮೂರು ಪಟ್ಟು ಸಾಂದ್ರ. ಅದೇ ತೂಕಕ್ಕೆ ಸಿಮೆಂಟಿನದು ಅಷ್ಟು ದೊಡ್ಡದಾಗಿ, ಕೈ ಎತ್ತಿ ಇಳಿಸುವಾಗ ತೊಡೆಗೆ ಎದೆಗೆ ಬಡಿಯುತ್ತದೆ; ಎರಡು ಮೂರು ಹಾಕುವಷ್ಟರಲ್ಲಿ ರಾಡ್ ಮುಗಿದುಹೋಗುತ್ತದೆ. ಒಂದೆರಡು ಸಲ ಕೆಳಗೆ ಬಿದ್ದರೆ ಜೋಡಣೆಯ ಗೆರೆ ಬಿಟ್ಟು ಪುಡಿ ಸುರಿಯಲು ಶುರು. ಕೈ ತೀರಾ ಬಿಗಿ ಇದ್ದರೆ ಮಾತ್ರ ಇದು.

ರಬ್ಬರ್ ಹೊದಿಸಿದ ಆರು ಮೂಲೆಯ ಹೆಕ್ಸ್ ಡಂಬೆಲ್ ನನಗೆ ಇಷ್ಟ. ಉರುಳುವುದಿಲ್ಲ, ನಟ್ ಬಿಗಿಯುವ ತಾಪತ್ರಯ ಇಲ್ಲ, ಸಮುದ್ರದ ಗಾಳಿಗೂ ತಡೆಯುತ್ತದೆ. ತೊಂದರೆ ಮೆಟ್ಟಿಲಿನದೇ, ಪ್ರತಿ ತೂಕಕ್ಕೂ ಬೇರೆ ಜೋಡಿ ಬೇಕು. ರಾಡ್ ಸೆಟ್ಟಿನ ಜೊತೆಗೆ ನೀವು ಹೆಚ್ಚಾಗಿ ಬಳಸುವ ಒಂದು ತೂಕದ ಹೆಕ್ಸ್ ಜೋಡಿ ಆಮೇಲೆ ಸೇರಿಸಿಕೊಳ್ಳಬಹುದು. ಕೊಳ್ಳುವಾಗ ಒಂದು ತಲೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಹಿಡಿಕೆಯನ್ನು ತಿರುಚಿ ನೋಡಿ, ಸ್ವಲ್ಪ ಅಲುಗಿದರೂ ಬೇಡ. ರಬ್ಬರ್ ವಾಸನೆ ಜೋರಾಗಿದ್ದರೆ ಮಳೆಗಾಲದ ಮುಚ್ಚಿದ ಕೋಣೆಯಲ್ಲಿ ತಲೆನೋವು. ಬೇಸಿಗೆಯಲ್ಲೇ ತಂದು ಜಗಲಿಯಲ್ಲಿ ಗಾಳಿಗೆ ಇಡಿ. ಡಯಲ್ ತಿರುಗಿಸಿ ತೂಕ ಬದಲಿಸುವ ದುಬಾರಿ ಡಂಬೆಲ್‌ಗಳ ಒಳಗೆ ಸ್ಪ್ರಿಂಗ್, ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಬಿದ್ದರೆ ಕೆಟ್ಟಿತು, ರಿಪೇರಿ ಇಲ್ಲಿ ಕಷ್ಟ. ನಮ್ಮ ಆರ್ದ್ರತೆಗೆ ಅದನ್ನು ನಾನು ಹೇಳಲಾರೆ. ಎರಡೂ ಕೈಯಲ್ಲಿ ಎತ್ತುವ ಉದ್ದ ಬಾರಿನ ಬಾರ್ಬೆಲ್ ಈಗಲೇ ಬೇಡ: ಪುರುಷರ ಒಲಿಂಪಿಕ್ ಬಾರ್ 2.2 ಮೀಟರ್ ಉದ್ದ, ಬರೀ ಬಾರೇ 20 ಕೆಜಿ. ಸ್ಟ್ಯಾಂಡ್ ಇಲ್ಲದೆ ಅದರಡಿ ಒಬ್ಬರೇ ಮಲಗಿ ಎತ್ತುವುದು ಅಪಾಯ. ಕೆಟಲ್‌ಬೆಲ್, ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು, ತೂಗಿ ಬೀಸುವುದನ್ನು ಗೊತ್ತಿರುವವರ ಎದುರು ಕಲಿತ ಮೇಲೆ ಒಂದೇ ಒಂದು ಕೊಂಡರೆ ಸಾಕು.

ತುಕ್ಕಿನ ವಿಷಯ. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಗಾಳಿಯ ತೇವಕ್ಕೆ ಉಪ್ಪು ಸೇರಿದರೆ ಕಬ್ಬಿಣ ಬೇಗ ತಿನ್ನಲ್ಪಡುತ್ತದೆ; ಮಲ್ಪೆ ಪಡುಕರೆಯಲ್ಲಿ, ಸುರತ್ಕಲ್ಲಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಯಾದರೆ ಇನ್ನೂ ಬೇಗ. ಪ್ಲೇಟಿನ ಮೈಗೆ ಬರುವ ತುಕ್ಕಿಗೆ ಹೆದರಬೇಡಿ, ಮರಳು ಕಾಗದದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಹೊಡೆದು ಮೇಲೆ ಎನಾಮೆಲ್ ಬಳಿದರೆ ವರ್ಷಗಟ್ಟಲೆ ಬಾಳುತ್ತದೆ. ಮರೆಗೆ ಹಿಡಿದರೆ ನಟ್ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪ್ರತಿ ಸಲ ಮುಗಿದ ಮೇಲೆ ಬೆವರು ಒರೆಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮರೆಗೆ ಹೊಲಿಗೆ ಮೆಷಿನ್ ಎಣ್ಣೆಯ ಎರಡು ಹನಿ ಹಾಕಿ ನಟ್ಟನ್ನು ಓಡಿಸಿ. ತೆಂಗಿನೆಣ್ಣೆ ಹಚ್ಚುವವರು ಇದ್ದಾರೆ. ಅದು ದಿನ ಹೋದಂತೆ ಅಂಟಾಗಿ ಧೂಳು ಹಿಡಿಯುತ್ತದೆ, ಬೇಡ. ಕಿಟಕಿಯ ಕೆಳಗೆ, ಎರಚಲು ಬೀಳುವಲ್ಲಿ, ಕಾರ್ ಪೋರ್ಚಿನಲ್ಲಿ ಇಡಬೇಡಿ. ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ, ಪುಟ್ಟ ಮಕ್ಕಳ ಕೈಗೆ ಸಿಗದ ಮೂಲೆಯಲ್ಲಿ ಇರಲಿ.

ನೆಲಕ್ಕೆ ಹಾಸಲು ಪೇಟೆಯ ಬಣ್ಣದ ಫೋಮ್ ಮ್ಯಾಟ್ ಸಾಲುವುದಿಲ್ಲ, ಕಬ್ಬಿಣದ ಅಂಚು ಅದರಲ್ಲಿ ಹೂತುಹೋಗುತ್ತದೆ. ಹಳೆಯ ಮನೆಯ ಕಾವಿ ನೆಲವಾಗಲಿ, ಫ್ಲಾಟಿನ ವಿಟ್ರಿಫೈಡ್ ಟೈಲಾಗಲಿ ಐದು ಕೆಜಿ ಬಿದ್ದರೆ ಒಡೆಯುತ್ತದೆ. ಹೈನುಗಾರರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ದನದ ಹಟ್ಟಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಕೇಳಿ. ದನದ ಗೊರಸಿಗೇ ತಡೆಯುವಂಥದ್ದು, ನಿಮ್ಮ ಡಂಬೆಲ್ಲಿಗೆ ಧಾರಾಳ. ಒಂದೇ ಮ್ಯಾಟ್ ಸಾಕು, ಎತ್ತಲಿಕ್ಕೆ ಇಬ್ಬರು ಬೇಕು. ಹಂಚಿನ ಮನೆಯ ಮರದ ಮಾಳಿಗೆಯಲ್ಲಿ ಮಾತ್ರ ಈ ಕೆಲಸ ಬೇಡ, ಕೆಳಗೆ ಬನ್ನಿ.

ಭಾರ ಯಾವಾಗ ಏರಿಸುವುದು? ಹನ್ನೆರಡರ ಗುರಿ ಇಟ್ಟುಕೊಂಡವರು ಕೊನೆಯ ಸುತ್ತಿನಲ್ಲಿ ಎರಡು ಹೆಚ್ಚು, ಅಂದರೆ ಹದಿನಾಲ್ಕು, ನಿಲುವು ಕೆಡದೆ ಮಾಡಿದಿರಿ ಅನ್ನಿ. ಮುಂದಿನ ಸಲವೂ ಹಾಗೇ ಆಯಿತು ಅನ್ನಿ. ಆಗ ಒಂದು ಮೆಟ್ಟಿಲು ಏರಿಸಿ. ಎತ್ತುವ ಸಲ ಎಂಟಕ್ಕೆ ಇಳಿಯುತ್ತದೆ, ಮತ್ತೆ ಹನ್ನೆರಡಕ್ಕೆ ಹತ್ತಿ. ಕೂತೇಳುವುದು, ಎಳೆಯುವುದು ಬೇಗ ಏರುತ್ತದೆ. ಭುಜದ್ದು ನಿಧಾನ. ಇನ್ನೊಬ್ಬರ ಅಂಕಿ ನೋಡಿ ಅವಸರ ಮಾಡಬೇಡಿ.

ಹೊಸದೇ ಬೇಕೆಂದಿಲ್ಲ. ಓದು ಮುಗಿಸಿ ಮಣಿಪಾಲ ಬಿಟ್ಟು ಹೊರಡುವ ವಿದ್ಯಾರ್ಥಿಗಳು ರೂಮ್ ಖಾಲಿ ಮಾಡುವಾಗ ಡಂಬೆಲ್ ಹೊತ್ತುಕೊಂಡು ಹೋಗಲಾರರು, ಕಡಿಮೆಗೆ ಕೊಡುತ್ತಾರೆ. ಕಬ್ಬಿಣ ಹಳತಾದರೆ ತೂಕ ಕಳೆದುಕೊಳ್ಳುವುದಿಲ್ಲ. ಅಲ್ಲಿಗೂ ತಕ್ಕಡಿ ಒಯ್ಯಿರಿ, ನಟ್ ಓಡಿಸಿ ನೋಡಿ, ರಾಡ್ ನೆಲದ ಮೇಲೆ ಉರುಳಿಸಿ ಬಾಗಿದೆಯಾ ಪರೀಕ್ಷಿಸಿ. ಸಣ್ಣ ಪ್ಲೇಟ್ ಉಂಟಾ ಅಂತ ಕೇಳಿ. ಹೆಚ್ಚಾಗಿ ಕಳೆದುಹೋಗಿರುತ್ತವೆ ಅಥವಾ ಮೊದಲಿಂದಲೇ ಇರುವುದಿಲ್ಲ. ಇಲ್ಲವಾದರೆ ಆ ಲೆಕ್ಕಕ್ಕೆ ದರ ಇಳಿಸಲು ಹೇಳಿ, ಉಳಿದ ಹಣದಲ್ಲಿ ಬರುವ ದಾರಿಯಲ್ಲೇ ಲೇತಿನವರಿಗೆ ನಾಲ್ಕು ಬಿಲ್ಲೆಗೆ ಆರ್ಡರ್ ಕೊಟ್ಟು ಬನ್ನಿ.